ಸರ್ಕಾರಿ ಶಾಲೆಯಲ್ಲಿ ಮಕ್ಕಳ ಸುರಕ್ಷತೆ: ಕೊಡಗಿನ ಪೋಷಕರು, ಶಿಕ್ಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ, ಮಕ್ಕಳ ಗ್ರಾಮಸಭೆ, ಪೋಷಕರ ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇವೆ. ಮಗು ಈಗಲೇ ಅಪಾಯದಲ್ಲಿದ್ದರೆ ಓದುತ್ತಾ ಕೂರಬೇಡಿ. 112ಕ್ಕೋ ಮಕ್ಕಳ ಸಹಾಯವಾಣಿ 1098ಕ್ಕೋ ಕರೆ ಮಾಡಿ. ಎರಡಕ್ಕೂ ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ.

## ಮೊದಲು ತಿಳಿಯಬೇಕಾದ್ದು

ಮಕ್ಕಳು ಜಗಳ ಆಡೋದು ಮಾಮೂಲಿ ಅಲ್ವಾ? ಅದನ್ನೆಲ್ಲ ಹಿಂಸೆ ಅಂತ ಯಾಕೆ ಕರೀಬೇಕು?

ಜಗಳ ಮಾಮೂಲಿಯೇ. ಕಬಡ್ಡಿಯಲ್ಲಿ ಔಟ್ ಹೌದೋ ಅಲ್ಲವೋ ಎಂದು ಸಮಬಲದ ಇಬ್ಬರು ಕಿತ್ತಾಡಿ, ಬಿಸಿಯೂಟಕ್ಕೆ ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ನಿಂತರೆ ಅದು ಅಲ್ಲಿಗೆ ಮುಗಿಯಿತು. ಬೇರೆಯದನ್ನು ಗುರುತಿಸಲು ಮೂರು ವಿಷಯ ನೋಡಿ: ಮತ್ತೆ ಮತ್ತೆ ಆಗುತ್ತಿದೆಯೇ? ಪ್ರತಿ ಸಲವೂ ಅದೇ ಮಗು ಸೋಲುತ್ತಿದೆಯೇ? ಆ ಮಗುವಿಗೆ ತಪ್ಪಿಸಿಕೊಳ್ಳಲು ದಾರಿ ಇಲ್ಲವೇ? ಮೂರಕ್ಕೂ ಹೌದು ಎಂದಾದರೆ ಅದು ಕಿರುಕುಳ. ಕೈ ಎತ್ತಲೇಬೇಕೆಂದಿಲ್ಲ. ದಿನಾ ಅಡ್ಡಹೆಸರಿಟ್ಟು ಕರೆಯುವುದು, ಚಪ್ಪಲಿ ಅಡಗಿಸಿಡುವುದು, ಆಟಕ್ಕೆ ಸೇರಿಸದಿರುವುದು ಕೂಡ ಅದೇ ಲೆಕ್ಕ.

ನನ್ನ ಮಗ ಏನೂ ಬಾಯಿ ಬಿಡಲ್ಲ. ಶಾಲೇಲಿ ತೊಂದರೆ ಇದೆ ಅಂತ ಹೇಗೆ ಗೊತ್ತಾಗುತ್ತೆ?

ಮೈ ಹೇಳುತ್ತದೆ. ಸೋಮವಾರ ಬೆಳಿಗ್ಗೆ ಬರುವ ಹೊಟ್ಟೆನೋವು ಭಾನುವಾರ ಬರುವುದಿಲ್ಲ. ಪೆನ್ಸಿಲ್, ಛತ್ರಿ ವಾರಕ್ಕೊಮ್ಮೆ ಕಳೆದುಹೋಗುತ್ತವೆ. ಹತ್ತಿರದ ದಾರಿ ಬಿಟ್ಟು ಸುತ್ತಿಕೊಂಡು ಬರುತ್ತಾನೆ. ಮನೆಗೆ ಬಂದವನು ಚೀಲ ಇಳಿಸುವ ಮೊದಲೇ ಶೌಚಕ್ಕೆ ಓಡಿದರೆ ಇಡೀ ದಿನ ತಡೆದುಕೊಂಡಿದ್ದಾನೆ ಎಂದರ್ಥ. ಶಾಲೆಯ ಶೌಚಾಲಯಕ್ಕೆ ಚಿಲಕ ಇಲ್ಲದಿರಬಹುದು, ಅಥವಾ ಅಲ್ಲಿ ಯಾರೋ ಕಾಯುತ್ತಿರಬಹುದು.

"ಯಾರಾದ್ರೂ ಹೊಡೆದ್ರಾ?" ಎಂದು ಕೇಳಿದರೆ ಉತ್ತರ "ಇಲ್ಲ" ಎಂದೇ ಬರುತ್ತದೆ. "ಇವತ್ತು ಊಟಕ್ಕೆ ಯಾರ ಪಕ್ಕ ಕೂತಿದ್ದೆ?", "ಆಟದ ಹೊತ್ತಲ್ಲಿ ಎಲ್ಲಿದ್ದೆ?" ಎಂದು ಕೇಳಿ. ಮೂರು ನಾಲ್ಕು ದಿನ ಒಂಟಿಯಾಗಿದ್ದ ಮಾತೇ ಬಂದರೆ ತರಗತಿ ಶಿಕ್ಷಕರನ್ನು ಭೇಟಿ ಮಾಡಿ.

ಟೀಚರ್ ಒಂದೇಟು ಹೊಡೆಯೋದೂ ತಪ್ಪಾ? ನಾವೂ ಏಟು ತಿಂದೇ ಕಲಿತದ್ದು.

ತಪ್ಪು. ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಬಿಸಿಲಲ್ಲಿ ನಿಲ್ಲಿಸುವುದು, ಬಸ್ಕಿ ಹೊಡೆಸುವುದು, ತರಗತಿಯ ಎದುರು ಅಪ್ಪ ಅಮ್ಮನ ಕೆಲಸ ಎತ್ತಿ ಹೀಯಾಳಿಸುವುದು ಎಲ್ಲವೂ ಇದರೊಳಗೆ ಬರುತ್ತವೆ. ಕಾನೂನಿಗಿಂತ ದೊಡ್ಡ ಕಾರಣ ಇನ್ನೊಂದಿದೆ. ಶಿಕ್ಷಕರ ಕೈಗೆ ಹೆದರುವ ಮಗು ಬೇರೆಯವರು ಮಾಡಿದ ಅನ್ಯಾಯವನ್ನು ಅದೇ ಶಿಕ್ಷಕರಿಗೆ ಹೇಳುವುದಿಲ್ಲ. ಬೆತ್ತ ಇರುವ ಶಾಲೆಯಲ್ಲಿ ದೂರುಗಳು ಕಡಿಮೆ ಬರುವುದು ಅದಕ್ಕೇ.

ಗಾಯವಾಗಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಗಾಯದ ವಿವರ ಬರೆಸಿಕೊಳ್ಳಿ. ಆಮೇಲೆ ಮುಖ್ಯ ಶಿಕ್ಷಕರಿಗೆ ಲಿಖಿತ ದೂರು ಕೊಟ್ಟು ಇನ್ನೊಂದು ಪ್ರತಿಯ ಮೇಲೆ ಸಹಿ, ದಿನಾಂಕ, ಮೊಹರು ಪಡೆಯಿರಿ. ಅಲ್ಲಿ ಕೆಲಸ ಆಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ, ನಂತರ ಮಡಿಕೇರಿಯ ಉಪನಿರ್ದೇಶಕರ ಕಚೇರಿ, ಅದಕ್ಕೂ ಮೇಲೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ. ಬಾಯಿ ಮಾತಿನ ದೂರಿಗೆ ಮರುದಿನ ಸಾಕ್ಷಿ ಇರುವುದಿಲ್ಲ.

ಹೊಡೆಯದೆ ಒಂದರಿಂದ ಐದನೇ ಕ್ಲಾಸಿನವರನ್ನ ಒಂದೇ ಕೋಣೇಲಿ ಹೇಗೆ ಹಿಡಿಯೋದು?

ಗಲಾಟೆ ಹೆಚ್ಚಾಗಿ ಏಳುವುದು ಒಂದು ಕೆಲಸ ಮುಗಿದು ಇನ್ನೊಂದು ಶುರುವಾಗುವ ನಡುವಿನ ಖಾಲಿ ಹೊತ್ತಿನಲ್ಲಿ. ಬೇಗ ಮುಗಿಸಿದವರಿಗೆ ಮುಂದಿನ ಕೆಲಸ ಮೊದಲೇ ಬೋರ್ಡಿನ ಮೂಲೆಯಲ್ಲಿ ಬರೆದಿರಲಿ. ನಿಯಮ ನಾಲ್ಕೈದು ಸಾಕು, ಮಕ್ಕಳ ಜೊತೆ ಕೂತು ಬರೆದದ್ದಾಗಿರಲಿ. ತಪ್ಪಿಗೆ ತಕ್ಕ ಸರಿಪಡಿಸುವ ಕೆಲಸ ಕೊಡಿ. ನೀರು ಚೆಲ್ಲಿದವನು ಒರೆಸಲಿ, ಪುಸ್ತಕ ಹರಿದವಳು ಅಂಟಿಸಿಕೊಡಲಿ. ಆದರೆ ಶೌಚಾಲಯ ತೊಳೆಸುವುದನ್ನು ಶಿಕ್ಷೆಯಾಗಿ ಎಂದೂ ಕೊಡಬೇಡಿ.

## ಶಾಲೆಯ ಒಳಗೆ

ಎಲ್ಲಿ ನಿಗಾ ಇಡಬೇಕು? ಇರೋದು ಇಬ್ಬರೇ ಟೀಚರ್.

ಇಬ್ಬರು ಎಲ್ಲ ಕಡೆ ನಿಲ್ಲಲಾಗದು, ನಿಲ್ಲಬೇಕಾಗಿಯೂ ಇಲ್ಲ. ಯಾವ ಜಾಗ, ಯಾವ ಹೊತ್ತು ಎಂದು ಮಕ್ಕಳಿಗೆ ಗೊತ್ತಿದೆ. ಅವರಿಂದಲೇ ತಿಳಿಯಲು ಒಂದು ಸುಲಭ ವಿಧಾನ ಹೀಗಿದೆ.

ಜಗಲಿಯ ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ಶಾಲೆಯ ನಕ್ಷೆ ಬರೆಯಿರಿ: ಕೊಠಡಿಗಳು, ಅಡುಗೆ ಕೋಣೆ, ನಲ್ಲಿ, ಶೌಚಾಲಯ, ಮೈದಾನ, ಗೇಟು, ಬಸ್ ನಿಲ್ಲುವ ಜಾಗ, ತೋಟದ ಕಾಲುದಾರಿ. ನಾಲ್ಕನೇ ತರಗತಿಯಿಂದ ಮೇಲಿನ ಪ್ರತಿ ಮಗುವಿಗೂ ಐದು ಕಾಫಿ ಬೀಜ ಕೊಡಿ. ಭಯವಾಗುವ ಜಾಗದಲ್ಲಿ ಬೀಜ ಇಡಬೇಕು, ಹೆಚ್ಚು ಭಯವಿದ್ದ ಕಡೆ ಹೆಚ್ಚು. ಹುಡುಗಿಯರು ಬೇರೆ, ಹುಡುಗರು ಬೇರೆ, ಒಬ್ಬೊಬ್ಬರಾಗಿ ಬರಲಿ. ಉಳಿದವರು ಬೆನ್ನು ತಿರುಗಿಸಿ ಕೂರಲಿ, ಇಲ್ಲದಿದ್ದರೆ ಮೊದಲು ಬಂದವನು ಇಟ್ಟಲ್ಲೇ ಎಲ್ಲರೂ ಇಡುತ್ತಾರೆ. "ಯಾಕೆ ಇಟ್ಟೆ?" ಎಂದು ಅಲ್ಲಿ ಕೇಳಬೇಡಿ. ಕೊನೆಗೆ ಎಣಿಸಿ ಹಾಳೆಗೆ ಇಳಿಸಿ, ನೆಲ ಒರೆಸಿಬಿಡಿ.

ಸಾಮಾನ್ಯವಾಗಿ ಬೀಜ ರಾಶಿ ಬೀಳುವುದು ಶೌಚಾಲಯದ ಹಿಂದೆ, ನಲ್ಲಿಯ ಸುತ್ತ, ಮತ್ತು ಶಾಲೆ ಬಿಟ್ಟ ಮೇಲಿನ ದಾರಿಯಲ್ಲಿ. ಒಬ್ಬ ಶಿಕ್ಷಕರು ಊಟದ ನಂತರದ 20 ನಿಮಿಷ ಸ್ಟಾಫ್ ರೂಮಿನ ಬದಲು ನಲ್ಲಿಯ ಹತ್ತಿರ ಕುರ್ಚಿ ಹಾಕಿಕೊಂಡರೆ ಅರ್ಧ ಕೆಲಸ ಆದಂತೆ. ಮೂರು ತಿಂಗಳ ನಂತರ ಇನ್ನೊಮ್ಮೆ ಮಾಡಿ. ಕಾಯುವವರು ಬಂದ ಕಡೆಯಿಂದ ತೊಂದರೆ ಬೇರೆಡೆಗೆ ಸರಿಯುತ್ತದೆ.

ಮಳೆಗಾಲ ಬಂದ್ರೆ ಹೊಡೆದಾಟ ಜಾಸ್ತಿ ಆಗುತ್ತಲ್ಲ, ಯಾಕೆ?

ಜೂನ್‌ನಿಂದ ಆಗಸ್ಟ್‌ವರೆಗೆ ಮೈದಾನ ಇಲ್ಲ. ಎಲ್ಲರೂ ಜಗಲಿಯಲ್ಲಿ, ಒದ್ದೆ ಬಟ್ಟೆಯಲ್ಲಿ, ಕೈಯಲ್ಲಿ ಚೂಪು ತುದಿಯ ಛತ್ರಿ. ಬಾಗಿಲ ಬಳಿ ಒಂದು ಹಳೇ ಡ್ರಮ್ ಇಟ್ಟು ಛತ್ರಿಗಳನ್ನೆಲ್ಲ ಅದರಲ್ಲಿ ನಿಲ್ಲಿಸಿ. ಊಟಕ್ಕೆ ಚಿಕ್ಕವರನ್ನು 15 ನಿಮಿಷ ಮೊದಲು ಬಿಡಿ. ಚೌಕಾಬಾರ, ಕೇರಂ, ಅಳಗುಳಿಮಣೆಯಂಥ ಕೂತು ಆಡುವ ಆಟ ಹೊರತೆಗೆಯಿರಿ. ಮಳೆ ರಜೆ ಘೋಷಣೆ ತಡವಾದ ದಿನ ಅರ್ಧ ದಾರಿಗೆ ಬಂದ ಮಕ್ಕಳು ಬೀಗ ಹಾಕಿದ ಶಾಲೆಯ ಜಗಲಿಯಲ್ಲಿ ಒಂಟಿಯಾಗುತ್ತಾರೆ. ಹತ್ತಿರದ ಒಂದು ಮನೆಯನ್ನು ಮೊದಲೇ ಗೊತ್ತು ಮಾಡಿ, ಪೋಷಕರಿಗೂ ತಿಳಿಸಿಡಿ.

ಸಿಸಿ ಕ್ಯಾಮೆರಾ ಹಾಕಿಸಿದ್ರೆ ಸಾಕಲ್ವಾ?

ಸಾಲದು. ಆದದ್ದನ್ನು ಕ್ಯಾಮೆರಾ ತೋರಿಸುತ್ತದೆ, ಆಗುವುದನ್ನು ತಡೆಯುವುದು ಕಷ್ಟ. ಹೆಚ್ಚು ಭಯವಿರುವ ಶೌಚಾಲಯದೊಳಗೆ ಹಾಕುವಂತೆಯೇ ಇಲ್ಲ, ಮಳೆಗಾಲದಲ್ಲಿ ಕರೆಂಟೂ ಇರುವುದಿಲ್ಲ. ಇರುವ ದುಡ್ಡಲ್ಲಿ ಮೊದಲು ಶೌಚಾಲಯಕ್ಕೆ ಒಳಗಿನ ಚಿಲಕ, ಹೋಗುವ ದಾರಿಗೆ ದೀಪ, ಗೇಟಿನ ಬಳಿ ಬಂದವರ ಹೆಸರು ಬರೆಸುವ ಪುಸ್ತಕ. ಮಿಕ್ಕರೆ ಗೇಟಿಗೊಂದು ಕ್ಯಾಮೆರಾ.

ದೂರು ಪೆಟ್ಟಿಗೆ ಇಟ್ಟು ವರ್ಷ ಆಯ್ತು. ಒಂದು ಚೀಟಿನೂ ಬಂದಿಲ್ಲ.

ಪೆಟ್ಟಿಗೆ ಮುಖ್ಯ ಶಿಕ್ಷಕರ ಬಾಗಿಲಲ್ಲಿದೆಯೇ ನೋಡಿ. ಅಲ್ಲಿ ಚೀಟಿ ಹಾಕುವ ಮಗುವನ್ನು ಎಲ್ಲರೂ ನೋಡುತ್ತಾರೆ. ನೀರು ಕುಡಿಯಲು ಹೋಗುವ ದಾರಿಗೆ ಬದಲಿಸಿ. ಬೀಗದ ಕೈ ಒಬ್ಬರ ಹತ್ತಿರವೇ ಇರಬಾರದು. ವಾರದ ಗೊತ್ತಾದ ದಿನ ಮುಖ್ಯ ಶಿಕ್ಷಕರು, ಒಬ್ಬ ಶಿಕ್ಷಕಿ, ಎಸ್‌ಡಿಎಂಸಿಯ ಒಬ್ಬ ತಾಯಿ ಒಟ್ಟಿಗೆ ತೆರೆಯಲಿ. ಬರೆಯಲು ಬಾರದವರು ಚಿತ್ರ ಬಿಡಿಸಿ ಹಾಕಲಿ. ಮೊದಲ ಚೀಟಿ "ನಲ್ಲಿ ಸೋರುತ್ತಿದೆ" ಎಂದಿದ್ದರೂ ಅದೇ ವಾರ ರಿಪೇರಿ ಮಾಡಿಸಿ, ಪ್ರಾರ್ಥನೆಯ ಹೊತ್ತಿನಲ್ಲಿ ಹೇಳಿ. ಸಣ್ಣದಕ್ಕೆ ಕಿವಿಗೊಟ್ಟದ್ದು ಕಂಡ ಮೇಲೆಯೇ ದೊಡ್ಡದು ಬರುವುದು.

ಲೈನ್ ಮನೆ (ತೋಟದ ಕಾರ್ಮಿಕರ ಸಾಲುಮನೆ) ಮಕ್ಕಳನ್ನ, ಯರವ ಬುಡಕಟ್ಟಿನ ಮಕ್ಕಳನ್ನ ಉಳಿದವರು ಹತ್ತಿರ ಸೇರಿಸಲ್ಲ. ಏನು ಮಾಡೋದು?

ಒಂದೇ ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಯರವ, ಜೇನುಕುರುಬ ನುಡಿ, ಕೆಲವೊಮ್ಮೆ ಅಸ್ಸಾಮಿನಿಂದ ಬಂದ ಕಾರ್ಮಿಕರ ಮಕ್ಕಳ ಮಾತೂ ಇರುತ್ತದೆ. ಕನ್ನಡ ತಡವರಿಸುವ ಮಗುವೇ ಮೊದಲ ಗುರಿ. ಕೂರುವ ಜಾಗವನ್ನು ಮಕ್ಕಳ ಆಯ್ಕೆಗೆ ಬಿಡಬೇಡಿ, 15 ದಿನಕ್ಕೊಮ್ಮೆ ಬದಲಿಸಿ. ಊಟದ ಸಾಲಿಗೂ ಅದೇ ನಿಯಮ. ಆಟದ ತಂಡ ಆರಿಸಲು ಇಬ್ಬರು ನಾಯಕರನ್ನು ನಿಲ್ಲಿಸುವ ಪದ್ಧತಿ ನಿಲ್ಲಿಸಿ. ಕೊನೆಗೆ ಉಳಿಯುವವನು ಯಾರೆಂದು ಎಲ್ಲರಿಗೂ ಗೊತ್ತು. ಚೀಟಿ ಎತ್ತಿಸಿ. ಜಾತಿ ಹೆಸರನ್ನು ಬೈಗುಳವಾಗಿ ಬಳಸಿದರೆ ಅದೇ ಕ್ಷಣ ತಡೆಯಿರಿ. ಪರಿಶಿಷ್ಟ ಜಾತಿ, ಪಂಗಡದ ಮಗುವನ್ನು ಆ ಗುಂಪಿಗೆ ಸೇರದ ದೊಡ್ಡವರು ಎಲ್ಲರೆದುರು ಜಾತಿ ಎತ್ತಿ ಅವಮಾನಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧವಾಗುತ್ತದೆ.

ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಮಗು ಬಾರದಿದ್ದರೆ ಕೆಲಸಕ್ಕೆ ಹೋಗಿದೆ ಎಂದು ಸುಮ್ಮನಾಗಬೇಡಿ. ಅವಮಾನ ತಾಳದೆ ಬಿಟ್ಟವರೂ ಅದೇ ಪಟ್ಟಿಯಲ್ಲಿ ಸೇರಿಹೋಗುತ್ತಾರೆ.

ಒಬ್ಬ ಇನ್ನೊಬ್ಬನನ್ನ ದಿನಾ ಕಾಡ್ತಾನೆ. ಇಬ್ಬರನ್ನೂ ಕರೆಸಿ ಕೈ ಕುಲುಕಿಸಿದ್ರೆ ಆಗಲ್ವಾ?

ಆಗುವುದಿಲ್ಲ. ಸಮಬಲದವರ ಜಗಳಕ್ಕೆ ರಾಜಿ ಸರಿ. ಕಿರುಕುಳದಲ್ಲಿ ರಾಜಿ ಎಂದರೆ ಸೋತವನಿಂದ ಇನ್ನೊಮ್ಮೆ ತಲೆ ಬಾಗಿಸಿದಂತೆ, ಸಂಜೆ ದಾರಿಯಲ್ಲಿ ಅದರ ಬೆಲೆ ತೆರುವವನೂ ಅವನೇ.

ಬೇರೆ ಬೇರೆಯಾಗಿ ಮಾತಾಡಿ. ಮೊದಲು ನೊಂದ ಮಗು. ಅವನು ಹೇಳಿದ್ದನ್ನು ಅವನದೇ ಪದಗಳಲ್ಲಿ ಬರೆದುಕೊಳ್ಳಿ. "ಸಹಪಾಠಿಯಿಂದ ದುರ್ವರ್ತನೆ" ಎಂಬ ಸಾಲು ಯಾರಿಗೂ ಉಪಯೋಗವಿಲ್ಲ. "ಮಂಗಳವಾರ ಊಟ ಆದ ಮೇಲೆ ನಲ್ಲಿ ಹತ್ತಿರ ನನ್ನ ತಟ್ಟೆ ಚರಂಡಿಗೆ ಬಿಸಾಡಿದ, ಇಬ್ಬರು ನಕ್ಕರು" ಎಂದಿದ್ದರೆ ಜಾಗ, ಹೊತ್ತು, ನೋಡಿದವರು ಮೂರೂ ಸಿಕ್ಕವು. ನಂತರ ಕಾಡಿದವನ ಜೊತೆ: ಏನು ನಡೆದಿದೆ ಎಂದು ಗೊತ್ತಿದೆ, ಇವತ್ತಿಗೆ ನಿಲ್ಲಬೇಕು, ಪ್ರತಿದಿನ ನೋಡುತ್ತೇನೆ. ಯಾರು ಹೇಳಿದರು ಎಂದು ಬಾಯಿ ಬಿಡಬೇಡಿ. ಮೂರನೆಯದು, ನಕ್ಕ ಆ ಇಬ್ಬರು. ನೋಡುವವರು ನಗುವುದನ್ನು ಬಿಟ್ಟರೆ ಕಾಡುವವನಿಗೆ ಉತ್ಸಾಹ ಉಳಿಯುವುದಿಲ್ಲ. ಎರಡು ದಿನ, ಒಂದು ವಾರ, ಒಂದು ತಿಂಗಳು ಬಿಟ್ಟು ನೊಂದ ಮಗುವನ್ನು ಮತ್ತೆ ಕೇಳಿ. ಹೆಚ್ಚಿನ ಕಡೆ ತಪ್ಪುವುದು ಈ ಕೊನೆಯ ಹೆಜ್ಜೆಯಲ್ಲೇ.

ಹೊಡೆದ ಹುಡುಗನಿಗೆ ಟಿಸಿ ಕೊಟ್ಟು ಕಳಿಸಬಹುದಾ?

ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ, ಅಂದರೆ ಎಂಟನೇ ತರಗತಿವರೆಗೆ, ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಪ್ರೌಢಶಾಲೆಯಲ್ಲೂ ಅದು ಪರಿಹಾರವಲ್ಲ. ಹೊರಬಿದ್ದವನು ಅದೇ ದಾರಿಯಲ್ಲಿ, ಅದೇ ಮಕ್ಕಳಿಗೆ, ಯಾರ ನಿಗಾವೂ ಇಲ್ಲದೆ ಸಿಗುತ್ತಾನೆ. ಅವನ ಮನೆಗೊಮ್ಮೆ ಹೋಗಿ ಬನ್ನಿ. ಅಲ್ಲಿ ಅವನೇ ಏಟು ತಿನ್ನುತ್ತಿರಬಹುದು.

## ದಾರಿ, ಮನೆ, ಹಾಸ್ಟೆಲ್

ಮಕ್ಕಳು ತೋಟದ ದಾರೀಲಿ ಎರಡು ಕಿಲೋಮೀಟರ್ ನಡೀತಾರೆ. ಆನೆ ಭಯ ಒಂದು ಕಡೆ, ಪುಂಡರ ಭಯ ಇನ್ನೊಂದು ಕಡೆ.

ಎರಡಕ್ಕೂ ಮೊದಲ ಮದ್ದು ಗುಂಪು. ಒಂದೇ ದಾರಿಯ ಮಕ್ಕಳ ಪಟ್ಟಿ ಮಾಡಿ, ದೊಡ್ಡವರೊಬ್ಬರು ಮುಂದೆ, ಒಬ್ಬರು ಹಿಂದೆ ಇರಲಿ, ಕೊನೆಯ ಮಗು ಮನೆ ಸೇರಿದ್ದನ್ನು ಅಲ್ಲಿನ ತಾಯಿ ಫೋನಿನಲ್ಲಿ ತಿಳಿಸಲಿ. ಹಲಸು ಹಣ್ಣಾಗುವ ಕಾಲದಲ್ಲಿ, ಬೆಳಗಿನ ಮಂಜಿನಲ್ಲಿ ಹೆಚ್ಚು ಎಚ್ಚರ ಬೇಕು. ಹಸಿ ಲದ್ದಿ, ಆಗಷ್ಟೇ ಮುರಿದ ಕೊಂಬೆ ಕಂಡರೆ ಮುಂದೆ ಹೋಗದೆ ಹಿಂದಿರುಗಬೇಕು, ತಡವಾಗಿ ಬಂದದ್ದಕ್ಕೆ ಶಾಲೆಯಲ್ಲಿ ಬೈಯಬಾರದು. ಅರಣ್ಯ ಇಲಾಖೆಯ ಸಹಾಯವಾಣಿ 1926. ತೋಟದಲ್ಲಿ ಉಂಡೆಯಂಥ ವಸ್ತು ಬಿದ್ದಿದ್ದರೆ ಮುಟ್ಟಬಾರದು ಎಂದು ಚಿಕ್ಕವರಿಗೂ ಹೇಳಿ, ಕಾಡುಹಂದಿಗೆಂದು ಇಟ್ಟ ಸಿಡಿಮದ್ದು ಆಗಿರಬಹುದು.

ನಮ್ಮಲ್ಲಿ ಮನೆ ಮನೇಲಿ ಕೋವಿ ಇದೆ. ಶಾಲೆಗೂ ಅದಕ್ಕೂ ಏನು ಸಂಬಂಧ?

ಕೊಡವರಿಗೆ, ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ಇರುವ ವಿನಾಯಿತಿ 2029ರ ಅಕ್ಟೋಬರ್‌ವರೆಗೆ ಮುಂದುವರಿದಿದೆ. ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್‌ನಲ್ಲಿ ಪೂಜೆಗಿಡುವ ಆ ಗೌರವದ ವಸ್ತುವಿನ ಬಗ್ಗೆ ತಕರಾರಿಲ್ಲ. ಅದು ಮಗುವಿನ ಕೈಗೆ ಸಿಗುವ ಕ್ಷಣದ ಬಗ್ಗೆ ಮಾತ್ರ ಈ ಮಾತು. ಕೋವಿ ಖಾಲಿಯಾಗಿರಲಿ, ಬೀಗದೊಳಗಿರಲಿ, ತೋಟಾ ಬೇರೆ ಕಡೆ ಬೇರೆ ಬೀಗದಲ್ಲಿರಲಿ, ಎರಡು ಕೀಲಿಕೈ ಒಂದೇ ಗೊಂಚಲಲ್ಲಿ ಬೇಡ. ಮಕ್ಕಳಿಗೆ ಗೊತ್ತಿಲ್ಲ ಎಂದುಕೊಂಡ ಜಾಗ ಅವರಿಗೆ ಗೊತ್ತೇ ಇರುತ್ತದೆ. ಪೂಜೆಯ ದಿನ ಹೊರತೆಗೆದದ್ದನ್ನು ಅಂದೇ ರಾತ್ರಿ ಒಳಗಿಡಿ.

ಮಗು ಕುಗ್ಗಿದ್ದರೆ, ಸಾಯುವ ಮಾತಾಡಿದರೆ ಕೋವಿಯನ್ನೂ ತೋಟಕ್ಕೆ ಹೊಡೆಯುವ ಔಷಧಿಯನ್ನೂ ಮನೆಯಿಂದಲೇ ಹೊರಗೆ, ನಂಬಿಕಸ್ಥ ನೆಂಟರಲ್ಲಿ ಇಡಿಸಿ. ಕೋವಿಯನ್ನು ಇಟ್ಟುಕೊಳ್ಳುವ ಹಕ್ಕು ಆ ನೆಂಟರಿಗೂ ಇರಬೇಕು. "ಸಾಯಬೇಕು ಅನ್ನಿಸ್ತಿದೆಯಾ?" ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ಬಾಗಿಲು ತೆರೆಯುತ್ತದೆ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಮಗಳು ಆಶ್ರಮ ಶಾಲೇಲಿ ಇದ್ದಾಳೆ. ನೋಡೋಕೆ ಹೋದಾಗ ಏನು ಗಮನಿಸಬೇಕು?

ಮಲಗುವ ಕೋಣೆಯಿಂದ ಶೌಚಾಲಯಕ್ಕೆ ನೀವೇ ನಡೆದು ನೋಡಿ: ದೀಪ ಉರಿಯುತ್ತದೆಯೇ, ಒಳಗಿನ ಚಿಲಕ ಬೀಳುತ್ತದೆಯೇ? ರಾತ್ರಿ ಅಲ್ಲೇ ಮಲಗುವ ಮಹಿಳಾ ಸಿಬ್ಬಂದಿ ಯಾರು, ಅವರ ರಜೆಯಲ್ಲಿ ಯಾರು? ಮಗು ಮನೆಗೆ ಫೋನ್ ಮಾಡುವಾಗ ಪಕ್ಕದಲ್ಲಿ ಯಾರಾದರೂ ನಿಂತಿರುತ್ತಾರೆಯೇ? 1098 ಎಲ್ಲಿ ಬರೆದಿದ್ದಾರೆ? ಹಬ್ಬಕ್ಕೆ ಬಂದವಳು ವಾಪಸ್ ಹೋಗಲು ಅತ್ತರೆ ಬೈದು ಬಸ್ ಹತ್ತಿಸುವ ಮುನ್ನ ಒಂದು ದಿನ ಜೊತೆಗಿಟ್ಟುಕೊಂಡು ಕೇಳಿ.

## ಗಂಭೀರ ಪ್ರಕರಣಗಳು

ಮಗು ಬಂದು ಯಾರೋ ಕೆಟ್ಟದಾಗಿ ಮುಟ್ಟಿದ್ರು ಅಂತ ಹೇಳಿತು. ಶಿಕ್ಷಕಿಯಾಗಿ ನಾನೇನು ಮಾಡಬೇಕು?

ಕೇಳಿ, ವಿಚಾರಣೆ ಮಾಡಬೇಡಿ. "ನೀನು ಹೇಳಿದ್ದು ಒಳ್ಳೇದಾಯ್ತು, ನಿನ್ನದೇನೂ ತಪ್ಪಿಲ್ಲ" ಎನ್ನಿ. ಏನಾಯ್ತು, ಎಲ್ಲಿ, ಯಾರು ಎಂಬಷ್ಟು ಸಾಕು. "ಅವರೇ ತಾನೇ?" ಎಂದು ಬಾಯಿಗೆ ಮಾತು ತುರುಕಬೇಡಿ, ನಾಲ್ಕು ಶಿಕ್ಷಕರೆದುರು ಮತ್ತೆ ಹೇಳಿಸಬೇಡಿ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬೇಡಿ, ಆ ಮಾತನ್ನು ನೀವು ಉಳಿಸಿಕೊಳ್ಳುವಂತಿಲ್ಲ.

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ, 2012ರ 19ನೇ ಕಲಂ ಪ್ರಕಾರ ವಿಷಯ ತಿಳಿದ ಯಾರೇ ಆದರೂ ಪೊಲೀಸರಿಗೋ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೋ ತಿಳಿಸಲೇಬೇಕು. ಶಾಲೆಯೊಳಗೆ ಮೊದಲು ತನಿಖೆ ಮಾಡಿ ಆಮೇಲೆ ಹೇಳೋಣ ಎಂಬುದಕ್ಕೆ ಅವಕಾಶವಿಲ್ಲ. ತಿಳಿಸದಿದ್ದರೆ 6 ತಿಂಗಳವರೆಗೆ ಜೈಲು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಕೃತ್ಯ ಮುಚ್ಚಿಟ್ಟರೆ 1 ವರ್ಷದವರೆಗೆ. ಒಳ್ಳೆಯ ಉದ್ದೇಶದಿಂದ ತಿಳಿಸಿದವರಿಗೆ ಕಾನೂನಿನ ರಕ್ಷಣೆ ಇದೆ.

ಘಟನೆ ಇತ್ತೀಚಿನದಾದರೆ ಸ್ನಾನ ಮಾಡಿಸದೆ, ಬಟ್ಟೆ ಒಗೆಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ತೊಟ್ಟ ಬಟ್ಟೆ ಬದಲಿಸಿದ್ದರೆ ಕಾಗದದ ಚೀಲದಲ್ಲಿಡಿ, ಪ್ಲಾಸ್ಟಿಕ್‌ನಲ್ಲಿ ತೇವ ಹಿಡಿದು ಸಾಕ್ಷ್ಯ ಕೆಡುತ್ತದೆ. ಗರ್ಭ, ಎಚ್‌ಐವಿ ತಡೆಯುವ ಔಷಧಿಗಳು 72 ಗಂಟೆಯೊಳಗೆ ಶುರುವಾಗಬೇಕು. ಎಫ್‌ಐಆರ್ ತನ್ನಿ ಎಂದು ಆಸ್ಪತ್ರೆ ಚಿಕಿತ್ಸೆ ತಡೆಯುವಂತಿಲ್ಲ. ಹೆಣ್ಣುಮಗುವಿನ ಪರೀಕ್ಷೆಯನ್ನು ಮಹಿಳಾ ವೈದ್ಯರೇ ಮಾಡಬೇಕು. ಹೇಳಿಕೆ ಪಡೆಯುವ ಪೊಲೀಸರು ಸಮವಸ್ತ್ರದಲ್ಲಿರಬಾರದು, ಮಗು ಇರುವಲ್ಲಿಗೇ ಬರಬೇಕು.

ಊರಿನ ಮರ್ಯಾದೆ ಪ್ರಶ್ನೆ. ಹಿರಿಯರನ್ನ ಕೂರಿಸಿ ಮಾತಾಡಿ ಮುಗಿಸಬಾರದಾ?

ಲೈಂಗಿಕ ದೌರ್ಜನ್ಯದಲ್ಲಿ ರಾಜಿ ಇಲ್ಲ. ಮಾತುಕತೆ ನಡೆಸಿದವರೂ ವಿಷಯ ತಿಳಿದೂ ಮುಚ್ಚಿಟ್ಟವರಾಗುತ್ತಾರೆ. ಮಗುವಿನ ಹೆಸರು, ಶಾಲೆ, ಮನೆ ಗುರುತಾಗುವಂಥದ್ದನ್ನು ಮಾಧ್ಯಮಗಳು ಪ್ರಕಟಿಸುವಂತಿಲ್ಲ. ದೂರು ಕೊಟ್ಟರೆ ಹೆಸರು ಹಾಳಾಗುತ್ತದೆ ಎಂಬ ಭಯಕ್ಕೆ ಕಾನೂನಿನಲ್ಲಿ ಉತ್ತರವಿದೆ. ಹಿರಿಯರ ಕೂಟದಲ್ಲಿ ಆ ರಕ್ಷಣೆ ಇಲ್ಲ.

ವಿದ್ಯಾರ್ಥಿನಿಯ ಫೋಟೋ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡ್ತಿದೆ. ಸಾಕ್ಷಿಗೆ ನಾನೂ ಇಟ್ಕೊಳ್ಳಲಾ?

ಬೇಡ. ಮಗುವಿನ ಅಶ್ಲೀಲ ಚಿತ್ರವನ್ನು ಮುಂದಕ್ಕೆ ಕಳಿಸುವುದು ಅಪರಾಧ, ಉದ್ದೇಶ ಒಳ್ಳೆಯದಾದರೂ ಸಿಬ್ಬಂದಿ ಗ್ರೂಪಿಗೆ ಹಾಕಬೇಡಿ. ಯಾವ ಖಾತೆ, ಯಾವ ನಂಬರ್, ಯಾವ ಗ್ರೂಪ್, ಎಷ್ಟು ಗಂಟೆಗೆ ಎಂದು ಕಾಗದದ ಮೇಲೆ ಬರೆದುಕೊಂಡು ಅಂದೇ ಪೊಲೀಸರಿಗೆ ತಿಳಿಸಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ಹಾಕಬಹುದು. ಹುಡುಗಿಯನ್ನು "ಯಾಕೆ ಕಳಿಸಿದೆ" ಎಂದು ಗದರಿದರೆ ಅವಳು ಉಳಿದದ್ದನ್ನು ಹೇಳುವುದಿಲ್ಲ.

ಒಂಬತ್ತನೇ ಕ್ಲಾಸಿನ ಹುಡುಗ 'ಅವನನ್ನ ಮುಗಿಸ್ತೀನಿ' ಅಂದಿದ್ದಾನೆ. ಬಾಯಿಮಾತು ಅಂತ ಬಿಡೋದಾ?

ಬಿಡಬೇಡಿ, ಗಾಬರಿಯೂ ಬೇಡ. ಕೇಳಬೇಕಾದ್ದು ಇಷ್ಟು: ಒಂದೇ ಸಲ ಸಿಟ್ಟಲ್ಲಿ ಅಂದನೇ, ತಣ್ಣಗೆ ಹಲವರಲ್ಲಿ ಹೇಳಿದ್ದಾನೆಯೇ? ದಿನ, ಜಾಗ ಹೇಳಿದ್ದಾನೆಯೇ? ಕತ್ತಿ, ಕೋವಿ ಕೈಗೆ ಸಿಗುತ್ತದೆಯೇ? ಹಳೆಯ ಅವಮಾನ ಇದೆಯೇ? ಇತ್ತೀಚೆಗೆ ತನ್ನ ವಸ್ತುಗಳನ್ನು ಹಂಚಿದ್ದಾನೆಯೇ? ಸಿಟ್ಟಿನ ಮಾತಾದರೆ ಕೂರಿಸಿ ಮಾತಾಡಿ, ಕಾರಣ ಬಗೆಹರಿಸಿ. ದಿನವೂ ಆಯುಧವೂ ಸೇರಿದರೆ ಅವನನ್ನು ಒಂಟಿಯಾಗಿ ಬಿಡದೆ 112ಕ್ಕೆ ತಿಳಿಸಿ, ಅವನ ಮನೆಯವರಿಗೆ ಕೋವಿ ಭದ್ರ ಮಾಡಲು ಹೇಳಿ, ಗುರಿಯಾದವನ ಮನೆಗೂ ತಿಳಿಸಿ. 18 ತುಂಬದವನನ್ನು ಲಾಕಪ್ಪಿಗೆ ಹಾಕುವಂತಿಲ್ಲ. ಪೊಲೀಸರು ವಶಕ್ಕೆ ಪಡೆದರೆ 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು.

ಕುಡಿದವನೊಬ್ಬ ಕತ್ತಿ ಹಿಡಿದು ಗೇಟಿನ ಒಳಗೆ ಬಂದ್ರೆ?

ಇದಕ್ಕೊಂದು ಬೇರೆ ಗಂಟೆ ಗೊತ್ತು ಮಾಡಿ. ಉದಾಹರಣೆಗೆ ಮೂರು ಚಿಕ್ಕ ಏಟು, ನಿಲ್ಲಿಸಿ ಮತ್ತೆ ಮೂರು. ಬೆಂಕಿಯ ಗಂಟೆಗೆ ಮಕ್ಕಳು ಹೊರಗೆ ಓಡಬೇಕು, ಇದಕ್ಕೆ ಒಳಗೆ ಬರಬೇಕು. ಎರಡೂ ಒಂದೇ ಥರ ಇದ್ದರೆ ಮಕ್ಕಳು ನೇರ ಅವನೆದುರಿಗೆ ಓಡುತ್ತಾರೆ. ಬಾಗಿಲು ಹಾಕಿ, ಕಿಟಕಿಯಿಂದ ದೂರ ನೆಲದ ಮೇಲೆ ಕೂರಿಸಿ, ಹಾಜರಿ ತೆಗೆಯಿರಿ. ಶೌಚಾಲಯದಲ್ಲಿರುವ ಮಗುವೇ ಹೆಚ್ಚಾಗಿ ಹೊರಗುಳಿಯುವುದು. ಕತ್ತಿ ಕಸಿಯಲು ಹೋಗಬೇಡಿ. ವರ್ಷಕ್ಕೆರಡು ಸಲ ಅಭ್ಯಾಸ ಮಾಡಿಸಿ, ಮೊದಲೇ ತಿಳಿಸಿ ಮಾಡಿಸಿ, ಹೆದರಿಸಿ ಅಲ್ಲ.

ಬಾಲ್ಯವಿವಾಹ ನಿಲ್ಲಿಸಿದ್ದಾಯ್ತು. ಅಲ್ಲಿಗೆ ನಮ್ಮ ಕೆಲಸ ಮುಗೀತಲ್ವಾ?

ಅಪಾಯದ ದಿನಗಳು ಆಗಲೇ ಶುರುವಾಗುತ್ತವೆ. 2024ರ ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯಲ್ಲೇ, ಅಧಿಕಾರಿಗಳು ನಿಶ್ಚಿತಾರ್ಥ ತಡೆದ ನಂತರ, ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿಯೊಬ್ಬಳ ಕೊಲೆಯಾಯಿತು. ಆ ನೋವು ಮರೆಯುವಂಥದ್ದಲ್ಲ. ಮದುವೆ ನಿಂತ ದಿನವೇ ಕೇಳಿ: ವರನ ಕಡೆಯವರು ಏನೆಂದರು, ಬೆದರಿಕೆ ಇದೆಯೇ, ಆ ಮನೆಯಲ್ಲಿ ಕೋವಿ ಕತ್ತಿ ಇದೆಯೇ? ಬೆದರಿಕೆ ಇದ್ದರೆ ಹುಡುಗಿಯನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಿ ಸುರಕ್ಷಿತ ವಾಸದ ವ್ಯವಸ್ಥೆ ಕೇಳಿ, ಠಾಣೆಗೆ ಬರವಣಿಗೆಯಲ್ಲಿ ಕೊಡಿ. ಮೊದಲ ತಿಂಗಳು ದಿನಕ್ಕೊಮ್ಮೆ ಹುಡುಗಿಯ ಜೊತೆಗೇ ಫೋನಿನಲ್ಲಿ ಮಾತಾಡಿ. ರಜೆಯಲ್ಲಿ ಈ ಎಳೆ ಕಡಿಯದಂತೆ ಒಬ್ಬ ಶಿಕ್ಷಕಿಯ ಹೆಸರು ಗೊತ್ತು ಮಾಡಿ.

ಕೇಸ್ ಆದ ಮೇಲೆ ಮಗು ಶಾಲೆಗೆ ವಾಪಸ್ ಬರ್ತಿದೆ. ಉಳಿದವರಿಗೆ ಏನು ಹೇಳೋದು?

ಘಟನೆಯ ಬಗ್ಗೆ ಏನೂ ಬೇಡ. "ಹುಷಾರಿಲ್ಲದೆ ರಜೆ ಇದ್ದಳು" ಎಂದರೆ ಸಾಕು. ಮಗು ಬರುವ ಮುನ್ನ ಸಿಬ್ಬಂದಿ, ಅಡುಗೆಯವರು ಸೇರಿ ಎಲ್ಲರೂ ಇದೇ ಮಾತು ಹೇಳಬೇಕು. ಎಲ್ಲಿ ಕೂರಬೇಕು, ಯಾರ ಜೊತೆ ಎಂದು ಅವಳನ್ನೇ ಕೇಳಿ. ಕೋರ್ಟಿಗೆ ಹೋಗುವ ದಿನಗಳ ಹಾಜರಿ, ತಪ್ಪಿದ ಪರೀಕ್ಷೆ ಬಗ್ಗೆ ಮೊದಲೇ ಏರ್ಪಾಡು ಮಾಡಿ. ತರಗತಿಯ ನಡುವೆ ಎದ್ದು ಹೋಗಬೇಕೆನಿಸಿದರೆ ಕೇಳದೆ ಹೋಗಿ ಕೂರಲು ಒಂದು ಜಾಗ, ಅಲ್ಲೊಬ್ಬರು ದೊಡ್ಡವರು ಇರಲಿ. ಹೆಚ್ಚಾಗಿ ಅದು ಅಡುಗೆ ಅಕ್ಕನ ಪಕ್ಕದ ಮಣೆಯಾಗಿರುತ್ತದೆ, ಅದೂ ಆಗುತ್ತದೆ.